ದೀಪಾವಳಿ ಮುಗಿದ ಕೂಡಲೇ ಟ್ಯಾಂಕ್ ತುಂಬ ಪಾಚಿ: ಶಿರಸಿ ಬಾವಿ ನೀರಿನದೇ ತಪ್ಪಾ?

ಜಗಲಿ ಟ್ಯಾಂಕ್ (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮ ಜಗಲಿಯಲ್ಲಿ 60×30×36 ಸೆಂ.ಮೀ. ಮೀನಿನ ಟ್ಯಾಂಕ್ ಇದೆ. ನೀರು ಸುಮಾರು 60 ಲೀಟರ್. ಇಟ್ಟು ಎರಡು ವರ್ಷ ಆಯಿತು. ಗಿಡ ಅಂದರೆ ವ್ಯಾಲಿಸ್ನೇರಿಯ, ಜಾವಾ ಮಾಸ್, ಅನುಬಿಯಾಸ್, ಒಂದಿಷ್ಟು ಕ್ರಿಪ್ಟೊಕೋರಿನ್ ಇವೆ. ಮೀನು ಅಂದರೆ ಗಪ್ಪಿ ಮತ್ತು ಆರು ರಾಸ್ಬೋರಾ. 18 ವ್ಯಾಟ್ ಎಲ್‌ಇಡಿ, ಟೈಮರ್ ಹಾಕಿ ದಿನಕ್ಕೆ ಸರಿಯಾಗಿ 7 ಗಂಟೆ. ಗಿಡಕ್ಕೆ ಸಿಒಟು (ಇಂಗಾಲದ ಡೈಆಕ್ಸೈಡ್ ಅನಿಲ) ಕೊಡುವುದಿಲ್ಲ. ವಾರಕ್ಕೊಮ್ಮೆ ಮೂರನೇ ಒಂದು ಪಾಲು ನೀರು ಬದಲಿಸುತ್ತೇನೆ. ನಮ್ಮದೇ ಬಾವಿ ನೀರು.

ಮಳೆಗಾಲ ಪೂರ್ತಿ ಗಾಜು ಕನ್ನಡಿ ಹಾಗಿತ್ತು. ದೀಪಾವಳಿ ಆಗಿ ಎರಡು ವಾರಕ್ಕೆ ಮಾಸ್ ಮೇಲೆ ಹಸಿರು ಕೂದಲು ಬಂತು. ಬೆರಳಿಗೆ ಸುತ್ತಿ ಎಳೆದರೆ ಉದ್ದಕ್ಕೆ ಬರುತ್ತದೆ, ಮೂರು ದಿನಕ್ಕೆ ಮತ್ತೆ ಅಷ್ಟೇ. ಗಾಜಿನ ಮೇಲೆ ಹಸಿರು ಚುಕ್ಕೆ. ಕಟ್ಟಿಗೆ ತುಂಡಿನ ಮೇಲೆ ಕಪ್ಪು ಗಡ್ಡದ ಹಾಗೆ ಇನ್ನೊಂದು ಜಾತಿ.

ಕಳೆದ ವರ್ಷವೂ ಇದೇ ಹೊತ್ತಿಗೆ ಶುರುವಾಗಿತ್ತು. ಅಂಗಡಿಯಲ್ಲಿ ಕೊಟ್ಟ ಪಾಚಿ ಔಷಧಿ ಹಾಕಿದ್ದೆ, ಮಾರ್ಚ್ ಹೊತ್ತಿಗೆ ಹೋಯಿತು. ಈ ಸಲ ಅದೇ ಔಷಧಿಗೆ ಜಗ್ಗುತ್ತಿಲ್ಲ. ಬಾವಿ ನೀರಲ್ಲಿ ಏನೋ ಇದೆ ಅಂತ ಅನುಮಾನ. ಏನು ಮಾಡಲಿ?

ಕಾಳಿ ದಡ (ಕಾರವಾರ)

ಮೂರು ಜಾತಿ ಪಾಚಿ ಒಟ್ಟಿಗೆ ಬಂದಿದೆ ಅಂದರೆ ಬೆಳಕು ಜಾಸ್ತಿ, ಸಿಒಟು ಕಡಿಮೆ. ಅಷ್ಟೇ ಕಥೆ. ನಾನು ಸಿಒಟು ಸಿಲಿಂಡರ್ ಇಟ್ಟಿದ್ದೇನೆ. ಡ್ರಾಪ್ ಚೆಕರ್ (ನೀರಿನ ಸಿಒಟು ತೋರಿಸುವ ಪುಟ್ಟ ಗಾಜಿನ ಬುಡ್ಡಿ) ಬಣ್ಣ ತಿಳಿ ಹಸಿರು ಇರುವ ಹಾಗೆ, ಅಂದರೆ 30 ಪಿಪಿಎಂ (ಲೀಟರ್‌ಗೆ 30 ಮಿ.ಗ್ರಾಂ.) ಆಸುಪಾಸು. ಗಿಡ ಜೋರಾಗಿ ಬೆಳೆಯುತ್ತಿದ್ದರೆ ಪಾಚಿಗೆ ಜಾಗ ಸಿಗುವುದಿಲ್ಲ. ಸಿಒಟು ಹಾಕದ ಟ್ಯಾಂಕಲ್ಲಿ 2ರಿಂದ 5 ಪಿಪಿಎಂ ಇದ್ದರೆ ಪುಣ್ಯ. ಅದಕ್ಕೆ 18 ವ್ಯಾಟ್ ಜಾಸ್ತಿಯೇ. ಸಿಲಿಂಡರ್ ತರಿಸಿ.

ಘಟ್ಟದ ಮೇಲೆ (ಯಲ್ಲಾಪುರ)

ಬಂತಪ್ಪಾ ಕಾರವಾರದ ಸಿಲಿಂಡರ್. ಯಾರು ಏನೇ ಕೇಳಿದರೂ ಇವರದ್ದು ಒಂದೇ ಉತ್ತರ 😄

ಜಗಲಿ ಅವರೇ, ಮಳೆಗಾಲ ಪೂರ್ತಿ ಇದೇ ಬಲ್ಬು, ಇದೇ 7 ಗಂಟೆ, ಸಿಒಟು ಆಗಲೂ ಇಲ್ಲ. ಆಗ ಯಾಕೆ ಪಾಚಿ ಬರಲಿಲ್ಲ? ಮೊದಲು ಅದಕ್ಕೆ ಉತ್ತರ ಬೇಕು. ದೀಪಾವಳಿ ಹೊತ್ತಿಗೆ ಬದಲಾದದ್ದು ಏನು? ಊಟ ಜಾಸ್ತಿ ಹಾಕಿದಿರಾ? ಫಿಲ್ಟರ್ ತೊಳೆದಿರಾ? ಮೀನು ಸೇರಿಸಿದಿರಾ?

ಗುಬ್ಬಿಮೀನು (ಕುಮಟಾ)

ನಾನು ಹೊಸಬ. ಒಂದು ಪ್ರಶ್ನೆ. ನಮ್ಮ ಮನೆಯಲ್ಲಿ ತೋಟಕ್ಕೆ ಔಷಧಿ ಹೊಡೆದು ಉಳಿದ ಮೈಲುತುತ್ತ ಇದೆ. ಕೆರೆ ಪಾಚಿಗೆ ಮೈಲುತುತ್ತ ಹಾಕುತ್ತಾರೆ ಅಂತ ಕೇಳಿದ್ದೇನೆ. ಚಿಟಿಕೆ ಹಾಕಿದರೆ ಆಗುತ್ತಾ?

ಘಟ್ಟದ ಮೇಲೆ (ಯಲ್ಲಾಪುರ)

ಬೇಡ. ಬೇಡ. ಬೇಡ.

ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟ್. ಪಾಚಿಯನ್ನು ಕೊಲ್ಲುತ್ತದೆ, ಸುಳ್ಳಲ್ಲ. ಆದರೆ ಸೀಗಡಿ, ಬಸವನಹುಳುವನ್ನು ಪಾಚಿಗಿಂತ ಮೊದಲು ಕೊಲ್ಲುತ್ತದೆ. ಮಾಸ್, ವ್ಯಾಲಿಸ್ನೇರಿಯಕ್ಕೂ ಒಳ್ಳೆಯದಲ್ಲ. ಇನ್ನೊಂದು ವಿಷಯ: ನೀರು ಮೆದುವಾದಷ್ಟೂ ತಾಮ್ರದ ವಿಷ ಏರುತ್ತದೆ. ಬಯಲುಸೀಮೆಯ ಗಡಸು ನೀರಲ್ಲಿ ಮೀನು ತಡೆದುಕೊಂಡ ಪ್ರಮಾಣ ನಮ್ಮ ಜಂಬಿಟ್ಟಿಗೆ ಕಲ್ಲಿನ ಬಾವಿ ನೀರಲ್ಲಿ ಮೀನನ್ನೇ ತೆಗೆಯಬಹುದು. 60 ಲೀಟರ್‌ಗೆ ಚಿಟಿಕೆ ಅಂದರೆ ಸಣ್ಣ ಪ್ರಮಾಣ ಅಲ್ಲವೇ ಅಲ್ಲ.

ಜಗಲಿ ಟ್ಯಾಂಕ್ (ಶಿರಸಿ)

ಈ ಮೈಲುತುತ್ತದ ಮಾತು ಓದಿ ಎದೆ ಧಸಕ್ ಅಂತು. ಒಂದು ವಿಷಯ ಮೊದಲು ಹೇಳಿರಲಿಲ್ಲ. ನನ್ನ ಟ್ಯಾಂಕಲ್ಲಿ ಹದಿನೈದು ಸೀಗಡಿ ಇದ್ದವು. ಆಗಸ್ಟಲ್ಲಿ ನೀರು ಬದಲಿಸಿದ ರಾತ್ರಿಯೇ ಎಲ್ಲಾ ಸತ್ತವು. ಮೀನಿಗೆ ಏನೂ ಆಗಲಿಲ್ಲ. ಮಳೆಗೆ ಕರೆಂಟ್ ಎರಡು ದಿನ ಇರಲಿಲ್ಲ, ಅದಕ್ಕೇ ಸತ್ತವು ಅಂದುಕೊಂಡಿದ್ದೆ. ಈಗ ನೆನಪಾಯಿತು, ಅವತ್ತು ಮನೆ ಬಕೆಟ್ ಒಡೆದಿತ್ತು. ಕೊಟ್ಟಿಗೆ ಮೂಲೆಯಲ್ಲಿದ್ದ ನೀಲಿ ಬಕೆಟಲ್ಲಿ ನೀರು ತಂದಿದ್ದೆ. ಅದರಲ್ಲಿ ಕೊಳೆ ಔಷಧಿ ಕದಡಿದ್ದರೋ ಏನೋ.

ಘಟ್ಟದ ಮೇಲೆ (ಯಲ್ಲಾಪುರ)

ಅದೇ ಇರಬೇಕು. ತೋಟದವರ ಮನೆಯಲ್ಲಿ ಈ ಕಥೆ ಮೊದಲಲ್ಲ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಅಡಿಕೆ ಕೊಳೆರೋಗಕ್ಕೆ ಮಳೆಗಾಲದಲ್ಲಿ ಬೋರ್ಡೋ ಹೊಡೆಯುತ್ತೇವೆ. 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಬಕೆಟಿನ ಒಳಮೈಗೆ ಒಣಗಿ ಅಂಟಿದ ನೀಲಿ ಪದರ ಸಾಕು ಹದಿನೈದು ಸೀಗಡಿಗೆ. ಕೈಗೂ ಅಂಟಿರುತ್ತದೆ. ಔಷಧಿ ಹೊಡೆದ ದಿನ ನಾನು ಟ್ಯಾಂಕಿಗೆ ಕೈ ಹಾಕುವುದಿಲ್ಲ. ಮೀನಿಗೆ ಅಂತಲೇ ಒಂದು ಬಕೆಟ್ ಇಟ್ಟು, ಮೇಲೆ ಪೇಂಟಲ್ಲಿ ಮೀನಿನ ಚಿತ್ರ ಬರೆದಿದ್ದೇನೆ. ಮನೆಯಲ್ಲಿ ನಗುತ್ತಾರೆ, ನಗಲಿ.

ಕರೆಂಟ್ ಹೋಗಿ ಸತ್ತಿದ್ದರೆ ಮೊದಲು ಮೀನು ಮೇಲೆ ಬಂದು ಬಾಯಿ ತೆರೆಯುತ್ತಿತ್ತು. ಸೀಗಡಿ ಮಾತ್ರ ಹೋಗಿದೆ ಅಂದರೆ ಅನುಮಾನ ತಾಮ್ರದ ಮೇಲೆಯೇ.

ಈಗ ಪಾಚಿಗೆ ಬನ್ನಿ. ಹದಿನೈದು ಸೀಗಡಿ ದಿನವಿಡೀ ಮಾಸ್ ಕೆರೆಯುತ್ತಿದ್ದವು. ಚಿಗುರುವ ಕೂದಲನ್ನು ಅವು ತಿನ್ನುತ್ತಿದ್ದವು. ಆಗಸ್ಟಲ್ಲಿ ಅವು ಹೋದವು. ಒಂದು ಕಾರಣ ಸಿಕ್ಕಿತು. ಆದರೆ ಪೂರ್ತಿ ಅಲ್ಲ. ಸೆಪ್ಟೆಂಬರ್, ಅಕ್ಟೋಬರ್ ಚೆನ್ನಾಗೇ ಇತ್ತಲ್ಲ?

ಬಾವಿಕಟ್ಟೆ (ಸಿದ್ದಾಪುರ)

ಕಳೆದ ವರ್ಷ ಸೀಗಡಿ ಬದುಕಿದ್ದವಾ?

ಜಗಲಿ ಟ್ಯಾಂಕ್ (ಶಿರಸಿ)

ಇದ್ದವು. ಈ ಸಲದಷ್ಟು ಜೋರಿರಲಿಲ್ಲ, ಆದರೆ ಪಾಚಿ ಬಂದಿತ್ತು.

ಬಾವಿಕಟ್ಟೆ (ಸಿದ್ದಾಪುರ)

ಹಾಗಾದರೆ ನನ್ನ ಪ್ರಶ್ನೆ ಬೇರೆ. ಎರಡು ವರ್ಷವೂ ದೀಪಾವಳಿಗೇ ಶುರು, ಕಳೆದ ಸಲ ಮಾರ್ಚಿಗೆ ಮಾಯ. ಇದು ನೀರಿನ ಲಕ್ಷಣ ಅಲ್ಲ, ಪಂಚಾಂಗದ ಲಕ್ಷಣ. ಟ್ಯಾಂಕ್ ಪಕ್ಕ ಕಿಟಕಿ ಇದೆಯಾ? ಯಾವ ದಿಕ್ಕು?

ಜಗಲಿ ಟ್ಯಾಂಕ್ (ಶಿರಸಿ)

ಇದೆ. ದಕ್ಷಿಣಕ್ಕೆ. ಟ್ಯಾಂಕ್ ಇರುವುದು ಪಶ್ಚಿಮದ ಗೋಡೆಗೆ. ಆದರೆ ಆ ಕಿಟಕಿಯಿಂದ ಬಿಸಿಲು ಬರುವುದಿಲ್ಲ. ಟ್ಯಾಂಕ್ ಇಡುವಾಗ ಒಂದು ದಿನ ಪೂರ್ತಿ ಕೂತು ನೋಡಿದ್ದೆ.

ಬಾವಿಕಟ್ಟೆ (ಸಿದ್ದಾಪುರ)

ಯಾವ ತಿಂಗಳು ಇಟ್ಟಿದ್ದು?

ಜಗಲಿ ಟ್ಯಾಂಕ್ (ಶಿರಸಿ)

ಮೇ.

ಬಾವಿಕಟ್ಟೆ (ಸಿದ್ದಾಪುರ)

ಸಿಕ್ಕಿತು!

ನಮ್ಮ ಊರು ಹದಿನಾಲ್ಕೂವರೆ ಡಿಗ್ರಿ ಉತ್ತರ ಅಕ್ಷಾಂಶದ ಹತ್ತಿರ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡುಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕೆ ಇರುತ್ತಾನೆ. ದಕ್ಷಿಣದ ಕಿಟಕಿಗೆ ಆಗ ನೇರ ಬಿಸಿಲು ಎಲ್ಲಿಂದ ಬರಬೇಕು? ನೀವು ಮೇ ತಿಂಗಳಲ್ಲಿ ಕೂತು ನೋಡಿದ್ದೀರಿ, ಬರಲಿಲ್ಲ, ಸರಿ. ಮಳೆಗಾಲದಲ್ಲಿ ಸೂರ್ಯನೇ ಇಲ್ಲ. ದೀಪಾವಳಿ ಹೊತ್ತಿಗೆ ಮೋಡ ತೆರೆಯುತ್ತದೆ, ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಡಿಸೆಂಬರಲ್ಲಿ ನಡುಮಧ್ಯಾಹ್ನವೂ ಅವನ ಎತ್ತರ 52 ಡಿಗ್ರಿ ಅಷ್ಟೇ. ಬೆಳಿಗ್ಗೆ 9 ಗಂಟೆಗೆ ಇನ್ನೂ ಕೆಳಗೆ, ಆಗ್ನೇಯದಲ್ಲಿ. ನಮ್ಮ ಹಂಚಿನ ಮನೆಯ ಮಾಡು ಎಷ್ಟು ಇಳಿದಿದ್ದರೂ ಆ ಓರೆ ಬಿಸಿಲು ಕೆಳಗಿಂದ ನುಗ್ಗಿ ವಾಯವ್ಯದ ಕಡೆ ಬೀಳುತ್ತದೆ. ಅಂದರೆ ನಿಮ್ಮ ಪಶ್ಚಿಮದ ಗೋಡೆಗೆ.

ನಾಳೆ ರಜೆ ಇದ್ದರೆ 8ರಿಂದ 11ರವರೆಗೆ ಟ್ಯಾಂಕ್ ಮುಂದೆ ಚಹಾ ಹಿಡಿದು ಕೂರಿ.

ಜಗಲಿ ಟ್ಯಾಂಕ್ (ಶಿರಸಿ)

ಕೂತೆ. 8:50ಕ್ಕೆ ಮೂಲೆಗೆ ಬಿತ್ತು. 9:15ಕ್ಕೆ ಮಾಸ್ ಮೇಲೆ. 10:25ರವರೆಗೆ ಇತ್ತು! ನಾನು 8 ಗಂಟೆಗೇ ಕೆಲಸಕ್ಕೆ ಹೋಗುತ್ತೇನೆ, ಭಾನುವಾರ ತೋಟ. ಎರಡು ವರ್ಷದಲ್ಲಿ ಒಮ್ಮೆಯೂ ನೋಡಿರಲಿಲ್ಲ. ಅಮ್ಮನನ್ನು ಕೇಳಿದರೆ "ಹೌದು, ಚಳಿಗಾಲದಲ್ಲಿ ಮೀನಿನ ಪೆಟ್ಟಿಗೆ ಚಂದ ಹೊಳೆಯುತ್ತದೆ" ಅಂದರು. ಅವರಿಗೆ ಗೊತ್ತಿತ್ತು, ನಾನು ಕೇಳಿರಲಿಲ್ಲ.

ಬಾವಿಕಟ್ಟೆ (ಸಿದ್ದಾಪುರ)

ಕಳೆದ ವರ್ಷ ಮಾರ್ಚಲ್ಲಿ ಪಾಚಿ ಓಡಿಸಿದ್ದು ಬಾಟಲಿ ಔಷಧಿ ಅಲ್ಲ, ಸೂರ್ಯ ಉತ್ತರಕ್ಕೆ ಹೊರಟದ್ದು. ಔಷಧಿಗೆ ಸುಮ್ನೆ ಹೆಸರು ಬಂತು.

ಈ ಒಂದೂವರೆ ಗಂಟೆಯನ್ನು ಸಣ್ಣದು ಅನ್ನಬೇಡಿ. ನಡುಮಧ್ಯಾಹ್ನದ ನೇರ ಬಿಸಿಲು 1 ಲಕ್ಷ ಲಕ್ಸ್ (ಬೆಳಕಿನ ಅಳತೆ) ಹತ್ತಿರ ಇರುತ್ತದೆ. ಬೆಳಗಿನದು ಅದರ ಅರ್ಧ ಅಂದರೂ ನಿಮ್ಮ ಬಲ್ಬಿನ ಎಷ್ಟೋ ಪಟ್ಟು.

ಕಾಳಿ ದಡ (ಕಾರವಾರ)

ಒಪ್ಪಿದೆ. ಬೆಳಕು ಜಾಸ್ತಿ ಅಂತ ಮೊದಲೇ ಹೇಳಿದ್ದೆ ಅನ್ನುವುದನ್ನು ಮಾತ್ರ ದಾಖಲೆಗೆ ಬರೆದುಕೊಳ್ಳಿ 😄 ಯಾವ ಬೆಳಕು ಅಂತ ಹೇಳಿರಲಿಲ್ಲ, ಅಷ್ಟೇ.

ಟ್ಯಾಂಕಿನ ಹಿಂದೆ, ಕಿಟಕಿ ಕಡೆಯ ಪಕ್ಕಕ್ಕೆ ಕಪ್ಪು ಹಾಳೆ ಅಂಟಿಸಿ. ಕಿಟಕಿಗೆ ದಪ್ಪ ಪರದೆ. ಬಲ್ಬನ್ನು ಒಂದು ತಿಂಗಳು 6 ಗಂಟೆಗೆ ಇಳಿಸಿ. ಕಪ್ಪು ಗಡ್ಡಕ್ಕೆ ಮಾತ್ರ ಇದಿಷ್ಟೇ ಸಾಲದು. ಅದು ಹಸಿರು ಪಾಚಿಯೇ ಅಲ್ಲ, ಕೆಂಪು ಪಾಚಿಯ ಗುಂಪಿನದು. ಸಿಒಟು ಒಂದು ದಿನ ಜಾಸ್ತಿ, ಒಂದು ದಿನ ಕಡಿಮೆ ಆಗುವ ಕಡೆ, ಕಸ ಕೂತ ಕಡೆ ಹಿಡಿಯುತ್ತದೆ.

ಜಗಲಿ ಟ್ಯಾಂಕ್ (ಶಿರಸಿ)

ನಾನು ಸಿಒಟು ಕೊಡುವುದೇ ಇಲ್ಲವಲ್ಲ, ಏರಿಳಿತ ಎಲ್ಲಿಂದ?

ಘಟ್ಟದ ಮೇಲೆ (ಯಲ್ಲಾಪುರ)

ಬಾವಿಯಿಂದ! ನೆಲದೊಳಗಿನ ನೀರಲ್ಲಿ ಸಿಒಟು ಕರಗಿರುತ್ತದೆ. ಈಗಷ್ಟೇ ಸೇದಿದ ನೀರಿನ ಪಿಎಚ್ ನೋಡಿ, ಅದೇ ನೀರನ್ನು ಬಕೆಟಲ್ಲಿ ಒಂದು ರಾತ್ರಿ ಗಾಳಿ ಕಲ್ಲು (ಪಂಪಿನ ಗಾಳಿಯನ್ನು ಗುಳ್ಳೆ ಮಾಡುವ ಕಲ್ಲು) ಹಾಕಿ ಇಟ್ಟು ಮತ್ತೆ ನೋಡಿ. ನನ್ನ ಬಾವಿಯದ್ದು ಬೆಳಿಗ್ಗೆ ಹೊತ್ತಿಗೆ ಏರಿರುತ್ತದೆ. ಅನಿಲ ಹಾರಿ ಹೋಗಿದ್ದಕ್ಕೆ ಹಾಗೆ. ನೀವು ಪ್ರತಿ ವಾರ ಹಸಿ ನೀರು ಸುರಿದಾಗ ಟ್ಯಾಂಕಿಗೆ ಕೆಲವು ಗಂಟೆ ಹಬ್ಬ, ಆಮೇಲೆ ಆರು ದಿನ ಉಪವಾಸ. ಗಡ್ಡ ಪಾಚಿಗೆ ಇದು ಇಷ್ಟ. ನೀರು ಒಂದು ರಾತ್ರಿ ಇಟ್ಟು ಹಾಕಿ.

ಜಗಲಿ ಟ್ಯಾಂಕ್ (ಶಿರಸಿ)

ಪರೀಕ್ಷೆ ಪಟ್ಟಿ ತಂದು ನೋಡಿದೆ. ನೈಟ್ರೇಟ್ 0. ಕೆಎಚ್ (ಪಿಎಚ್ ಜಿಗಿಯದಂತೆ ತಡೆಯುವ ಕಾರ್ಬೊನೇಟ್ ಗಡಸುತನ) 1 ಅಥವಾ 2. ಮೀಟರಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣ) 48. ನೈಟ್ರೇಟ್ ಸೊನ್ನೆ ಅಂದರೆ ಒಳ್ಳೆಯದೇ ಅಲ್ವಾ? ಪಾಚಿಗೆ ಊಟ ಇಲ್ಲ.

ಕಾಳಿ ದಡ (ಕಾರವಾರ)

ಅಲ್ಲ. ಗಿಡಕ್ಕೆ ಊಟ ಇಲ್ಲ. ಪಾಚಿಗೆ ಬೇಕಾದ್ದು ಎಷ್ಟೋ ಕಡಿಮೆ, ಅದು ಹೇಗೂ ಹುಡುಕಿಕೊಳ್ಳುತ್ತದೆ. "ಗೊಬ್ಬರ ಜಾಸ್ತಿ ಆದರೆ ಪಾಚಿ" ಅನ್ನುವ ಮಾತನ್ನು ಅಮೆರಿಕದ ಟಾಮ್ ಬಾರ್ ತಿರುಗಿಸಿ ಹಾಕಿದರು. ಬೇಕೆಂದೇ ನೈಟ್ರೇಟ್, ಫಾಸ್ಫೇಟ್ ಧಾರಾಳ ಹಾಕಿ, ವಾರಕ್ಕೊಮ್ಮೆ ಅರ್ಧ ನೀರು ಬದಲಿಸುವ ಪದ್ಧತಿ ಅವರದ್ದು. ಗಿಡ ತುಂಬಿರುವ ಟ್ಯಾಂಕಲ್ಲಿ ಅದರಿಂದ ಪಾಚಿ ಬರಲಿಲ್ಲ. ಅಮೋನಿಯಾ ಮಾತ್ರ ಬೇರೆ ಮಾತು. ಅಮೋನಿಯಾ ಮತ್ತು ಜೋರು ಬೆಳಕು ಸೇರಿದರೆ ಪಾಚಿ ಖಂಡಿತ.

ಗಾಜಿನ ಮೇಲಿನ ಗಟ್ಟಿ ಹಸಿರು ಚುಕ್ಕೆ ಫಾಸ್ಫೇಟ್ ಕಡಿಮೆ ಆದಾಗ ಬರುವುದನ್ನು ನಾನೇ ಕಂಡಿದ್ದೇನೆ. ಹಳೆ ಬ್ಲೇಡಲ್ಲಿ ಕೆರೆದು, ಫಾಸ್ಫೇಟ್ ಶುರು ಮಾಡಿದ ಮೇಲೆ ತಿರುಗಿ ಬಂದಿಲ್ಲ.

ಘಟ್ಟದ ಮೇಲೆ (ಯಲ್ಲಾಪುರ)

ಇದಕ್ಕೆ ಹುಬ್ಬಳ್ಳಿಯಿಂದ ದುಬಾರಿ ಬಾಟಲಿ ತರಿಸಬೇಕಿಲ್ಲ. ಗೊಬ್ಬರದ ಅಂಗಡಿಯಲ್ಲಿ 13:0:45 ಕೇಳಿ. ಅದು ಪೊಟ್ಯಾಸಿಯಂ ನೈಟ್ರೇಟ್. 60 ಲೀಟರ್‌ಗೆ 1 ಗ್ರಾಂ ಹಾಕಿದರೆ ನೈಟ್ರೇಟ್ ಸುಮಾರು 10 ಪಿಪಿಎಂ ಏರುತ್ತದೆ. 0:52:34 ಅಂದರೆ ಪೊಟ್ಯಾಸಿಯಂ ಫಾಸ್ಫೇಟ್. ಅದರ 1 ಗ್ರಾಂನ ಹತ್ತನೇ ಒಂದು ಪಾಲು ಸಾಕು, ಫಾಸ್ಫೇಟ್ 1 ಪಿಪಿಎಂ ಆಗುತ್ತದೆ. ಸಿಲಿಂಡರ್ ಇಲ್ಲದ ನಿಮ್ಮ ಟ್ಯಾಂಕಿಗೆ ಇದರ ಅರ್ಧ, ವಾರಕ್ಕೊಮ್ಮೆ. 19:19:19 ತರಬೇಡಿ. ಅದರಲ್ಲಿ ಅಮೋನಿಯಾ, ಯೂರಿಯಾ ಇರುತ್ತದೆ. ಅಡಿಕೆ ಸಸಿಗೆ ಒಳ್ಳೆಯದು, ಮೀನಿಗಲ್ಲ.

ಕೆಎಚ್ ಏರಿಸಲು ಕಪ್ಪೆಚಿಪ್ಪು ಚೆನ್ನಾಗಿ ಕುದಿಸಿ, ಒಡೆದು, ಬಟ್ಟೆ ಚೀಲದಲ್ಲಿ ಕಟ್ಟಿ ಫಿಲ್ಟರಲ್ಲಿಡಿ. ನಿಧಾನ ಕರಗುತ್ತದೆ. ವ್ಯಾಲಿಸ್ನೇರಿಯಕ್ಕೆ ಸ್ವಲ್ಪ ಗಡಸು ನೀರೇ ಇಷ್ಟ. ಆದರೆ ಅದೇ ಚಿಪ್ಪು ಸುಟ್ಟ ಸುಣ್ಣ ಹಾಕಿಬಿಟ್ಟೀರಿ, ಎಲೆಗೆ ಹಚ್ಚುವ ಸುಣ್ಣವೂ ಬೇಡ. ಪಿಎಚ್ ಒಂದೇ ಸಲ ಹಾರಿ ಮೀನು ಸಾಯುತ್ತದೆ.

ಗುಬ್ಬಿಮೀನು (ಕುಮಟಾ)

ಪಾಚಿ ತಿನ್ನುವ ಮೀನು ಬಿಟ್ಟರೆ ಇಷ್ಟೆಲ್ಲಾ ಕಷ್ಟ ಯಾಕೆ? ಅಂಗಡಿಯಲ್ಲಿ ಸಕ್ಕರ್ ಮೀನು 50 ರೂಪಾಯಿಗೆ ಸಿಗುತ್ತದೆ.

ಕಾಳಿ ದಡ (ಕಾರವಾರ)

ಸಕ್ಕರ್ ಒಂದು ಅಡಿ ದಾಟಿ ಬೆಳೆಯುತ್ತದೆ. ಜಗಲಿ ಅವರ ಟ್ಯಾಂಕೇ ಎರಡು ಅಡಿ. ದೊಡ್ಡದಾದ ಮೇಲೆ ಪಾಚಿಗಿಂತ ಮೀನಿನ ಊಟದ ಮೇಲೆಯೇ ಕಣ್ಣು, ಹೇಲುವುದು ಮಾತ್ರ ಆನೆಯಷ್ಟು. ಕೊನೆಗೆ ಏನಾಗುತ್ತದೆ ಗೊತ್ತಲ್ಲ, ರಾತ್ರಿ ಹೊತ್ತು ಯಾರೂ ನೋಡದ ಹಾಗೆ ಕೆರೆಗೆ. ದಯವಿಟ್ಟು ಕೋಟೆಕೆರೆಗೂ ಬೇಡ, ಯಾವ ಹೊಳೆಗೂ ಬೇಡ. ದಕ್ಷಿಣ ಅಮೆರಿಕದ ಮೀನು ಅದು. ಭಾರತದ ಎಷ್ಟೋ ಕೆರೆ, ನದಿಗಳಲ್ಲಿ ಈಗಾಗಲೇ ಬೀಡುಬಿಟ್ಟಿದೆ.

ಕೂದಲು ಪಾಚಿಗೆ ಅಮಾನೋ ಸೀಗಡಿ ಒಳ್ಳೆಯದು. ಗಿಡದ ಟ್ಯಾಂಕಿನ ಚೆಲುವನ್ನು ಜಗತ್ತಿಗೆ ತೋರಿಸಿದ ಜಪಾನಿನ ತಕಾಶಿ ಅಮಾನೋ ಅವರ ಹೆಸರೇ ಅದಕ್ಕೆ ಬಂದಿದೆ, ಯಾಕೆಂದರೆ ಪಾಚಿಗೆ ಸೀಗಡಿ ಬಿಡುವ ರೂಢಿ ಹರಡಿದ್ದೂ ಅವರಿಂದಲೇ. ಗಡ್ಡ ಪಾಚಿಗೆ ಸಯಾಮೀಸ್ ಆಲ್ಗೀ ಈಟರ್. ಕೊಳ್ಳುವಾಗ ನೋಡಿ, ಮೈ ಮೇಲಿನ ಕಪ್ಪು ಪಟ್ಟೆ ಬಾಲದ ತುದಿಯವರೆಗೂ ಹೋಗಿರಬೇಕು. ಅದೇ ಹೆಸರಲ್ಲಿ ಬೇರೆ ಮೀನು ಕೊಡುತ್ತಾರೆ, ನನಗೂ ಒಮ್ಮೆ ಕೊಟ್ಟಿದ್ದರು. ಅದು ಪಾಚಿ ಬಿಟ್ಟು ಉಳಿದ ಮೀನುಗಳ ಮೈ ಹೀರುತ್ತಿತ್ತು. ಆದರೆ ಇದೂ 60 ಲೀಟರ್‌ಗೆ ದೊಡ್ಡದೇ, ಬೇಡ.

ಗುಬ್ಬಿಮೀನು (ಕುಮಟಾ)

ನೆರೈಟ್ ಬಸವನಹುಳು? ಅಂಥದ್ದು ನಮ್ಮ ಅಘನಾಶಿನಿ ಅಳಿವೆಯಲ್ಲಿ ಕಲ್ಲಿಗೆ ಅಂಟಿಕೊಂಡಿರುತ್ತದೆ. ನಾಲ್ಕು ತರಬಹುದಾ?

ಘಟ್ಟದ ಮೇಲೆ (ಯಲ್ಲಾಪುರ)

ಅಲ್ಲಿಯೇ ಇರಲಿ ಮಾರಾಯ್ರೆ. ಅಳಿವೆಯದ್ದು ಉಪ್ಪು-ಸಿಹಿ ಬೆರೆತ ನೀರು. ಅದನ್ನು ಟಿಡಿಎಸ್ 48 ಇರುವ ನೀರಿಗೆ ಹಾಕಿದರೆ ಚಿಪ್ಪೇ ಸವೆಯುತ್ತದೆ. ನೆರೈಟಿನ ಒಂದು ಗುಣ ಹೇಳುತ್ತೇನೆ: ಅಂಗಡಿಯಲ್ಲಿ ಸಿಗುವವು ಸಿಹಿನೀರಲ್ಲಿ ಬದುಕುತ್ತವೆ, ಮೊಟ್ಟೆಯೂ ಇಡುತ್ತವೆ, ಮರಿ ಮಾತ್ರ ಆಗುವುದಿಲ್ಲ. ಮರಿಗೆ ಉಪ್ಪುನೀರೇ ಬೇಕು. ಅಮಾನೋ ಸೀಗಡಿಯೂ ಹಾಗೇ. ಹಾಗಾಗಿ ತುಂಬಿ ತುಳುಕುವ ಭಯ ಇಲ್ಲ. ಕಟ್ಟಿಗೆ ಮೇಲೆ ಬಿಳಿ ಎಳ್ಳಿನ ಹಾಗೆ ಮೊಟ್ಟೆ ಅಂಟಿಸಿ ಇಡುತ್ತವೆ, ಅದಷ್ಟೇ ಕಿರಿಕಿರಿ.

ಜಗಲಿ ಅವರೇ, ಸೀಗಡಿ ತರುವುದಾದರೆ ಈಗಲೇ ಬೇಡ. ತಾಮ್ರ ಉಳಿದಿದ್ದರೆ ಹೋಗಲಿ, ಫಿಲ್ಟರಲ್ಲಿ ಆಕ್ಟಿವೇಟೆಡ್ ಕಾರ್ಬನ್ (ಕೊಳೆ ಹೀರುವ ಇದ್ದಿಲು) ಇಟ್ಟು ನಾಲ್ಕೈದು ಸಲ ನೀರು ಬದಲಿಸಿ. ಮೊದಲು ಎರಡೇ ಸೀಗಡಿ ಬಿಟ್ಟು ಹತ್ತು ದಿನ ನೋಡಿ.

ಜಗಲಿ ಟ್ಯಾಂಕ್ (ಶಿರಸಿ)

ಸರಿ. ಗಡ್ಡ ಪಾಚಿಗೆ ಲಿಕ್ವಿಡ್ ಕಾರ್ಬನ್ ಹಾಕು ಅಂತ ಅಂಗಡಿಯವರು ಹೇಳಿದರು.

ಕಾಳಿ ದಡ (ಕಾರವಾರ)

ಹೆಸರು ಲಿಕ್ವಿಡ್ ಕಾರ್ಬನ್. ಒಳಗೆ ಇರುವುದು ಗ್ಲುಟರಾಲ್ಡಿಹೈಡ್ ಜಾತಿಯದು. ಆಸ್ಪತ್ರೆಯಲ್ಲಿ ಉಪಕರಣ ಶುದ್ಧ ಮಾಡುವ ದ್ರಾವಣದ ಸಂಬಂಧಿ. ಗಡ್ಡ ಪಾಚಿ ಸಾಯುತ್ತದೆ ಹೌದು, ಜೊತೆಗೆ ನಿಮ್ಮ ವ್ಯಾಲಿಸ್ನೇರಿಯವೂ ಕರಗಿ ಗಂಜಿ ಆಗುತ್ತದೆ. ಮಾಸಿಗೂ ಆಗದು.

ಔಷಧ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಬಾಟಲಿ ಮೇಲೆ "20 ವಾಲ್ಯೂಮ್" ಅಂತ ಇದ್ದರೆ ಅದು ಸುಮಾರು 6%. ಅಷ್ಟೇ ನೀರು ಬೆರೆಸಿ 3% ಮಾಡಿಕೊಳ್ಳಿ. ಫಿಲ್ಟರ್ ನಿಲ್ಲಿಸಿ, ಸಿರಿಂಜಲ್ಲಿ ಗಡ್ಡದ ಮೇಲೆಯೇ ನಿಧಾನ ಬಿಡಿ. ಒಂದು ದಿನಕ್ಕೆ ಒಟ್ಟು 15 ಎಂ.ಎಲ್. ದಾಟಬೇಡಿ. ಮಾಸಿಗೆ ತಾಗಿಸಬೇಡಿ. ಹತ್ತು ನಿಮಿಷ ಬಿಟ್ಟು ಫಿಲ್ಟರ್ ಹಾಕಿ. ಎರಡು ಮೂರು ದಿನಕ್ಕೆ ಕಪ್ಪು ಗಡ್ಡ ಕೆಂಪಾದರೆ ಸತ್ತಿತು ಅಂತ ಅರ್ಥ. ಇನ್ನೂ ಸುಲಭ ದಾರಿ: ಕಟ್ಟಿಗೆ ಹೊರಗೆ ತೆಗೆದು ಹಚ್ಚಿ, ತೊಳೆದು ವಾಪಸ್ ಇಡಿ.

ಬಾವಿಕಟ್ಟೆ (ಸಿದ್ದಾಪುರ)

ಜೊತೆಗೆ ಬೇಗ ಬೆಳೆಯುವ ಗಿಡ ಹಾಕಿ. ಅನುಬಿಯಾಸ್, ಕ್ರಿಪ್ಟೊಕೋರಿನ್ ಸೋಮಾರಿಗಳು, ತಿಂಗಳಿಗೆ ಒಂದೆರಡು ಎಲೆ. ಅವು ಪಾಚಿ ಜೊತೆ ಸ್ಪರ್ಧೆ ಮಾಡುವುದಿಲ್ಲ. ಮೇಲೆ ನಾಲ್ಕು ಅಂತರಗಂಗೆ ಬಿಟ್ಟರೆ ನೆರಳೂ ಆಯಿತು, ನೀರಿನ ಸತ್ವವೂ ಹೀರಿತು. ಅರ್ಧ ಮೇಲ್ಮೈ ದಾಟಿದರೆ ತೆಗೆದು ಗೊಬ್ಬರ ಗುಂಡಿಗೆ ಹಾಕಿ, ಕಾಲುವೆಗೆ ಎಸೆಯಬೇಡಿ. ನೀರುಬ್ರಾಹ್ಮಿಯೂ ಚೆನ್ನಾಗಿ ಬರುತ್ತದೆ. ತಂಬುಳಿ ಮಾಡುವ ಒಂದೆಲಗ ಅಲ್ಲ, ಅದು ಬೇರೆ. ದಪ್ಪ ಸಣ್ಣ ಎಲೆಯ ಬಕೋಪಾ.

ಒಂದು ಮಾತು. ರೋಟಾಲ ಮಕ್ರಾಂಡ್ರಾ ಅಂತ ಕೆಂಪು ಗಿಡ ಅಂಗಡಿಗಳಲ್ಲಿ ಸಿಗುತ್ತದಲ್ಲ, ಅದರ ಮೂಲ ನಮ್ಮ ಪಶ್ಚಿಮ ಘಟ್ಟ. ಹಾಗಂತ ಕಾಡಿನ ಹಳ್ಳಕ್ಕೆ ಇಳಿದು ಕಿತ್ತು ತರಬೇಡಿ. ನರ್ಸರಿಯದ್ದೇ ಸಾಕು.

ಜಗಲಿ ಟ್ಯಾಂಕ್ (ಶಿರಸಿ)

ಸಂಕ್ರಾಂತಿ ಆಯಿತು. ಎಂಟು ವಾರದ ವರದಿ.

ಕಪ್ಪು ಹಾಳೆ, ಪರದೆ ಹಾಕಿದೆ. ಮೊದಲ ಎರಡು ವಾರ ಏನೂ ಬದಲಾಗಲಿಲ್ಲ, ನಿಮ್ಮನ್ನೆಲ್ಲ ಮನಸ್ಸಲ್ಲೇ ಬೈದೆ. ಹಲ್ಲುಜ್ಜುವ ಬ್ರಷ್ ತಿರುಗಿಸಿ ಕೂದಲು ಸುತ್ತಿ ತೆಗೆಯುತ್ತಲೇ ಇದ್ದೆ. ಮೂರನೇ ವಾರದಿಂದ ಕೈಗೆ ಸಿಗುವುದು ಕಡಿಮೆ ಆಯಿತು. ಈಗ ಮಾಸ್ ಬುಡದಲ್ಲಿ ಸ್ವಲ್ಪ ಇದೆ, ಅಷ್ಟೇ. ಕಟ್ಟಿಗೆ ಹೊರಗೆ ತೆಗೆದು ಪೆರಾಕ್ಸೈಡ್ ಹಚ್ಚಿದೆ, ಮೂರನೇ ದಿನ ಗುಲಾಬಿ ಬಣ್ಣಕ್ಕೆ ತಿರುಗಿತು. ಗಪ್ಪಿಗಳು ಅದನ್ನು ಕಚ್ಚಿ ಕಚ್ಚಿ ತಿಂದವು! ಗಾಜಿನ ಚುಕ್ಕೆ ಕೆರೆದೆ, ಒಂದೆರಡು ತಿರುಗಿ ಬಂದಿವೆ. 13:0:45 ಕೇಳಿದಾಗ ಅಂಗಡಿಯವನು ಎಷ್ಟು ಎಕರೆಗೆ ಅಂದ. ಎರಡು ಅಡಿಗೆ ಅಂದೆ.

ಎರಡು ಸೀಗಡಿ ಬಿಟ್ಟು ಹನ್ನೆರಡು ದಿನ ಆಯಿತು, ಬದುಕಿವೆ. ನೀಲಿ ಬಕೆಟಿಗೆ ತಲೆಬುರುಡೆ ಚಿತ್ರ ಬರೆದೆ.

ವ್ಯಾಲಿಸ್ನೇರಿಯ ಮಾತ್ರ ವಿಪರೀತ ಹಬ್ಬಿದೆ. ಯಾರಿಗಾದರೂ ಬೇಕಾ? ಒದ್ದೆ ಪೇಪರಲ್ಲಿ ಸುತ್ತಿ ಬಸ್ಸಿಗೆ ಕೊಡುತ್ತೇನೆ.

ಗುಬ್ಬಿಮೀನು (ಕುಮಟಾ)

ನನಗೆ ಹತ್ತು ಗಿಡ!

ಕಾಳಿ ದಡ (ಕಾರವಾರ)

ನನಗೂ ಇರಲಿ. ಆದರೆ ಬುಡ ಒಂದು ಸಲ ನೋಡಿ ಕಳಿಸಿ. ನಿಮ್ಮ ಕೂದಲು ಕಾರವಾರಕ್ಕೆ ಬರುವುದು ಬೇಡ.